ಹೆಗಲು ನೋಯದಂತೆ ಭಾರದ ಕ್ಯಾಮೆರಾ ಹೊರುವುದು ಹೇಗೆ?

ಮೀಡಿಯಂ ಫಾರ್ಮ್ಯಾಟ್, ಅಂದರೆ ಮಾಮೂಲಿಗಿಂತ ದೊಡ್ಡ ಫಿಲ್ಮ್ ಬಳಸುವ ಕ್ಯಾಮೆರಾದ ಚಿತ್ರಗಳನ್ನು ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಕೈಗೆತ್ತಿಕೊಂಡಾಗ ತೂಕ ಗೊತ್ತಾಗುತ್ತದೆ. ಮಾಮಿಯಾ ಆರ್‌ಬಿ67ಗೆ 90 ಎಂಎಂ ಲೆನ್ಸ್, ಫಿಲ್ಮ್ ಬ್ಯಾಕ್ (ಹಿಂದೆ ಕೂರಿಸುವ ಫಿಲ್ಮ್ ಡಬ್ಬಿ) ಸೇರಿದರೆ ಎರಡೂವರೆ ಕಿಲೋ ದಾಟುತ್ತದೆ. ಹ್ಯಾಸಲ್‌ಬ್ಲಾಡ್ 500ಸಿ/ಎಂ ಕೂಡ 80 ಎಂಎಂ ಲೆನ್ಸ್ ಜೊತೆ ಸುಮಾರು ಒಂದೂವರೆ ಕಿಲೋ. ಟ್ರೈಪಾಡ್, ಬೆಳಕು ಅಳೆಯುವ ಮೀಟರ್, ಇನ್ನೊಂದು ಲೆನ್ಸ್, ನೀರು ಎಂದು ಸೇರಿಸುತ್ತಾ ಹೋದರೆ ಏಳೆಂಟು ಕಿಲೋ ಆಗಿಬಿಡುತ್ತದೆ. ಇಷ್ಟನ್ನೂ ಹೊತ್ತು ಮುಳ್ಳಯ್ಯನಗಿರಿಯ ತುದಿಗೆ, ಅಂದರೆ 1,930 ಮೀಟರ್ ಎತ್ತರಕ್ಕೆ, ಆರಾಮಾಗಿ ಹೋಗಬಹುದು. ಭಾರ ಸೊಂಟದ ಮೇಲೆ ಕೂರಬೇಕು, ಅಷ್ಟೇ.

ಮನೆಯಲ್ಲೇ ತೂಕ ಇಳಿಸಿ

ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಮೊದಲು ಯೋಚಿಸಿ. ಬೇಲೂರು, ಹಳೇಬೀಡಿನ ದೇವಸ್ಥಾನಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದಿದ್ದರೆ ಟ್ರೈಪಾಡ್ ಸುಮ್ನೆ ಭಾರ. ಬದಲಿಗೆ ಕಡಿಮೆ ಬೆಳಕಿನಲ್ಲೂ ಕೈಯಲ್ಲೇ ಹಿಡಿದು ತೆಗೆಯಲು ನೆರವಾಗುವ 400 ಐಎಸ್‌ಒ ಫಿಲ್ಮ್ ಇಟ್ಟುಕೊಳ್ಳಿ. ಬೆಟ್ಟಕ್ಕಾದರೆ ಒಂದೇ ಲೆನ್ಸ್ ಸಾಕು. ಗಿರಿಸಾಲು ಒಂದರ ಹಿಂದೊಂದು ಕಾಣಬೇಕೆಂದರೆ 180 ಎಂಎಂ, ಇಲ್ಲವಾದರೆ 90. ಎರಡನ್ನೂ ಒಯ್ದವರು ಗಾಳಿಯಲ್ಲಿ ನಿಂತು ಲೆನ್ಸ್ ಬದಲಿಸುವುದು ಅಪರೂಪ. ಆರ್‌ಬಿ67ನಲ್ಲಿ ‘120’ ಅಳತೆಯ ಒಂದು ಫಿಲ್ಮ್ ರೋಲಿಗೆ 10 ಚಿತ್ರ. ನಾಲ್ಕು ರೋಲ್ ಇದ್ದರೆ ಒಂದು ದಿನಕ್ಕೆ ಧಾರಾಳವಾಯಿತು.

ಬ್ಯಾಗ್ ಆರಿಸುವಾಗ ಬೆಲ್ಟ್ ನೋಡಿ

ಒಂದೇ ಹೆಗಲಿಗೆ ನೇತುಹಾಕುವ ಬ್ಯಾಗ್ ಬೇಡವೇ ಬೇಡ. ಎಷ್ಟೋ ಕ್ಯಾಮೆರಾ ಬ್ಯಾಗ್‌ಗಳ ಸೊಂಟಪಟ್ಟಿ ತೆಳ್ಳಗಿನ ಲಾಡಿಯಂತಿರುತ್ತದೆ. ಅದು ಬ್ಯಾಗ್ ಅಲ್ಲಾಡದಂತೆ ಹಿಡಿಯುತ್ತದೆ, ಭಾರ ಹೊರುವುದಿಲ್ಲ. ನನ್ನ ಪ್ರಕಾರ 30–40 ಲೀಟರಿನ ಟ್ರೆಕ್ಕಿಂಗ್ ಬ್ಯಾಗ್ ಕೊಂಡು, ಒಳಗೆ ಮೆತ್ತನೆಯ ಕ್ಯಾಮೆರಾ ಕೇಸ್ ಇಡುವುದೇ ಒಳ್ಳೆಯದು. ಬೆಲ್ಟ್ ಅಗಲವಾಗಿ, ಗಟ್ಟಿಯಾಗಿರಲಿ. ಅಂಗಡಿಗೆ ಹೋಗುವಾಗ ಕ್ಯಾಮೆರಾ ತಗೊಂಡೇ ಹೋಗಿ. ಖಾಲಿ ಬ್ಯಾಗ್ ಯಾರ ಬೆನ್ನಿಗಾದರೂ ಹಿತವಾಗಿಯೇ ಇರುತ್ತದೆ, ಅಲ್ವಾ?

ಭಾರದ್ದು ಬೆನ್ನಿಗೆ ಹತ್ತಿರ

ನಮ್ಮ ಕಡೆ ಕಾಫಿ ಮೂಟೆ ಹೊರುವವರನ್ನು ಗಮನಿಸಿ. ಮೂಟೆ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಸ್ವಲ್ಪ ದೂರ ಸರಿದರೂ ಹಿಂದಕ್ಕೆ ಎಳೆಯುತ್ತದೆ. ಕ್ಯಾಮೆರಾವನ್ನೂ ಹಾಗೆಯೇ ಬೆನ್ನಿಗೆ ತಾಗುವ ಬದಿಯಲ್ಲಿ, ಬೆನ್ನಿನ ನಡುಭಾಗದ ಎತ್ತರಕ್ಕೆ ಇಡಿ. ಕೆಳಗೆ ಸ್ವೆಟರ್, ಮೇಲೆ ಫಿಲ್ಮ್ ಮತ್ತು ಮೀಟರ್. ಟ್ರೈಪಾಡ್ ಒಂದು ಪಕ್ಕಕ್ಕೆ ಕಟ್ಟಿದರೆ ಇನ್ನೊಂದು ಪಕ್ಕಕ್ಕೆ ನೀರಿನ ಬಾಟಲಿ.

ಆರ್‌ಬಿ67ನ ಬೆಲ್ಲೋಸ್ (ಲೆನ್ಸ್ ಹಿಂದೆ ಹಿಗ್ಗಿ ಕುಗ್ಗುವ ಮಡಿಕೆ) ಪೂರ್ತಿ ಒಳಗೆಳೆದು ಲಾಕ್ ಮಾಡಿ. ಹ್ಯಾಸಲ್‌ಬ್ಲಾಡ್‌ನಿಂದ ಲೆನ್ಸ್ ಬಿಚ್ಚಿಡುವುದಾದರೆ ಮೊದಲು ಶಟರ್ ಕಾಕ್ ಮಾಡಿರಬೇಕು, ಅಂದರೆ ಮುಂದಿನ ಚಿತ್ರಕ್ಕೆ ಸಜ್ಜು ಮಾಡಿರಬೇಕು. ಇಲ್ಲವಾದರೆ ಆಮೇಲೆ ಜಾಮ್ ಆಗುವ ಅಪಾಯವಿದೆ.

ಹಾಕಿಕೊಳ್ಳುವ ಕ್ರಮ

ಬಹಳ ಜನ ಎಡವುವುದು ಇಲ್ಲಿ. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲಿಸಿ. ಬ್ಯಾಗ್ ಬೆನ್ನಿಗೇರಿಸಿ ಸ್ವಲ್ಪ ಮುಂದಕ್ಕೆ ಬಗ್ಗಿ. ಎರಡೂ ಕೈಯಿಂದ ಸೊಂಟದ ಮೂಳೆಯ ಮೇಲಂಚು ಮುಟ್ಟಿ ನೋಡಿಕೊಳ್ಳಿ. ಬೆಲ್ಟ್‌ನ ಮಧ್ಯಭಾಗ ಆ ಅಂಚಿನ ಮೇಲೆ ಬರಬೇಕು. ಹೊಟ್ಟೆಯ ಮೇಲೆ ಬಂದರೆ ಉಸಿರು ಕಟ್ಟುತ್ತದೆ, ಕೆಳಗಿಳಿದರೆ ತೊಡೆ ಎತ್ತಲು ಅಡ್ಡಿ. ಬಕಲ್ ಹಾಕಿ ಬಿಗಿ ಮಾಡಿ, ನೆಟ್ಟಗೆ ನಿಂತುಕೊಳ್ಳಿ. ಈಗ ಹೆಗಲಪಟ್ಟಿ ಎಳೆಯಿರಿ. ಅದು ಹೆಗಲನ್ನು ಮುಟ್ಟಿದರೆ ಸಾಕು, ಒತ್ತಬಾರದು. ಪಟ್ಟಿಯ ಮೇಲ್ತುದಿಯಿಂದ ಬ್ಯಾಗ್‌ನ ತಲೆಗೆ ಹೋಗುವ ಚಿಕ್ಕ ಪಟ್ಟಿಗಳಿರುತ್ತವಲ್ಲ, ಅವನ್ನು ಎಳೆದರೆ ಬ್ಯಾಗ್ ಬೆನ್ನಿಗೆ ಒರಗುತ್ತದೆ. ಎದೆಪಟ್ಟಿ ಕೊನೆಗೆ.

ಪರೀಕ್ಷೆ ಸುಲಭ. ಹೆಗಲಪಟ್ಟಿಯ ಅಡಿಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಭಾರ ಇನ್ನೂ ಹೆಗಲ ಮೇಲೇ ಇದೆ. ಬೆಲ್ಟ್ ಬಿಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡಿ.

ದಾರಿಯಲ್ಲಿ

ಬಸ್‌ನಲ್ಲಿ ಬ್ಯಾಗ್ ತೊಡೆಯ ಮೇಲಿರಲಿ. ಮೇಲಿನ ರ‍್ಯಾಕ್‌ಗೆ ಹಾಕಬೇಡಿ, ಘಾಟಿಯ ತಿರುವಿನಲ್ಲಿ ಜಾರುತ್ತದೆ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬರಿಗಾಲಲ್ಲಿ ಹತ್ತಬೇಕು. ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬಿಸಿಲೇರಿದರೆ ಕಲ್ಲು ಸುಡುತ್ತದೆ, ಭಾರವಿದ್ದಾಗ ಬೇಗ ಬೇಗ ಹೆಜ್ಜೆ ಹಾಕಲೂ ಆಗದು. ಬೆಳಿಗ್ಗೆಯೇ ಹೋಗಿ. ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ, ಹಾಗಾಗಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯಿರಿ. ಕ್ಯಾಮೆರಾ ಕುತ್ತಿಗೆಯಲ್ಲಿ ನೇತಾಡುವುದು ಬೇಡ, ಬ್ಯಾಗ್‌ನಲ್ಲೇ ಇರಲಿ.

ಗಿರಿಯ ಮೇಲೆ ಗಾಳಿ ಜೋರಿದ್ದಾಗ ಟ್ರೈಪಾಡ್ ಅಲುಗಾಡದಿರಲಿ ಎಂದು ಬ್ಯಾಗನ್ನು ಅದಕ್ಕೆ ನೇತುಹಾಕುತ್ತಾರೆ. ಒಳ್ಳೆಯದೇ. ಆದರೆ ಬ್ಯಾಗ್‌ನ ತಳ ನೆಲಕ್ಕೆ ತಾಗಿರಲಿ. ಅದು ತೂಗಾಡಿದರೆ ಕ್ಯಾಮೆರಾವೂ ಅಲ್ಲಾಡುತ್ತದೆ.

ಮಳೆಗಾಲದಲ್ಲಿ ನೆನೆದ ಬ್ಯಾಗ್ ಒಳಗೂ ತೇವ ಹಿಡಿದಿರುತ್ತದೆ. ಮನೆಗೆ ಬಂದ ಕೂಡಲೇ ಕ್ಯಾಮೆರಾ, ಲೆನ್ಸ್ ಹೊರತೆಗೆದು ಒರೆಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮಲೆನಾಡಿನ ಥಂಡಿಗೆ ಲೆನ್ಸ್‌ನಲ್ಲಿ ಫಂಗಸ್ ಬೇಗ ಬರುತ್ತದೆ. ಬ್ಯಾಗನ್ನು ಎಲ್ಲ ಜಿಪ್ ತೆರೆದು ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ.