ಹಸಿ ಆಹಾರದ ತಟ್ಟೆಯಲ್ಲಿ ನ್ಯೂಟ್ರಿಷನಲ್ ಯೀಸ್ಟ್: ಯಾವುದನ್ನು, ಎಷ್ಟು, ಹೇಗೆ ಬಳಸಬೇಕು

ಬೇಯಿಸದ ಸಸ್ಯಾಹಾರವನ್ನೇ ದಿನದ ಬಹುಪಾಲು ಸೇವಿಸುವವರಿಗೆ ಕೆಲವೇ ವಾರಗಳಲ್ಲಿ ಒಂದು ಕೊರತೆ ಕಾಡತೊಡಗುತ್ತದೆ. ಹಣ್ಣಿನ ಸಿಹಿ, ಸೊಪ್ಪಿನ ಒಗರು, ನಿಂಬೆಯ ಹುಳಿ ಎಲ್ಲವೂ ತಟ್ಟೆಯಲ್ಲಿರುತ್ತವೆ. ಆದರೆ ಹುರಿದಾಗ, ಕುದಿಸಿದಾಗ, ಹುದುಗು ಬಂದಾಗ ಹುಟ್ಟುವ, ನುಂಗಿದ ಮೇಲೂ ನಾಲಗೆಯ ಮೇಲೆ ಸ್ವಲ್ಪ ಹೊತ್ತು ಉಳಿಯುವ ಗಾಢವಾದ ರುಚಿ ಮಾತ್ರ ಇರುವುದಿಲ್ಲ. ಆ ರುಚಿಯ ಒಂದು ಮುಖ್ಯ ಮೂಲ ಗ್ಲುಟಾಮಿಕ್ ಆಮ್ಲ. ಜಪಾನಿನ ರಸಾಯನವಿಜ್ಞಾನಿ ಕಿಕುನೇ ಇಕೆಡಾ ಅವರು 1908ರಲ್ಲಿ ಅದನ್ನು ಕಡಲಕಳೆಯ ಸಾರಿನಲ್ಲಿ ಗುರುತಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ನ್ಯೂಟ್ರಿಷನಲ್ ಯೀಸ್ಟ್‌ನಲ್ಲಿ ಈ ಆಮ್ಲ ಧಾರಾಳವಾಗಿದೆ. ಇದು ತಿನ್ನಲೆಂದೇ ಬೆಳೆಸಿ, ನಿರ್ಜೀವಗೊಳಿಸಿ, ಒಣಗಿಸಿ, ಹಳದಿ ಹಳುಕು ಇಲ್ಲವೇ ಪುಡಿಯಾಗಿ ಮಾರುವ ಯೀಸ್ಟ್. ಹಸಿ ತರಕಾರಿಯ ಮೇಲೆ ಒಂದು ಚಮಚ ಉದುರಿಸಿದರೆ ಚೀಸ್ ಮತ್ತು ಹುರಿದ ಬೀಜ ಎರಡನ್ನೂ ನೆನಪಿಸುವ ಸ್ವಾದ ಬರುತ್ತದೆ. ರುಚಿಗಾಗಿ ಇದನ್ನು ನಿಶ್ಚಿಂತೆಯಿಂದ ಬಳಸಬಹುದು. ಪೋಷಣೆಗಾಗಿ, ಅದರಲ್ಲೂ ಬಿ12 ವಿಟಮಿನ್ನಿಗಾಗಿ ಬಳಸುವುದಾದರೆ ಮಾತ್ರ ಪೊಟ್ಟಣದ ಹಿಂಬದಿಯನ್ನು ಓದದೆ ಒಂದು ಚಮಚವನ್ನೂ ಲೆಕ್ಕಕ್ಕೆ ಹಿಡಿಯಬಾರದು.

ಮೊದಲು ಇದು ಹಸಿ ಆಹಾರವೇ ಎಂಬ ಪ್ರಶ್ನೆಗೆ ಬರೋಣ. ಅಲ್ಲ ಎಂಬುದೇ ನೇರವಾದ ಉತ್ತರ. ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಏಕಕೋಶ ಶಿಲೀಂಧ್ರವನ್ನು ಸಾಮಾನ್ಯವಾಗಿ ಕಬ್ಬಿನ ಅಥವಾ ಸಕ್ಕರೆ ಬೀಟಿನ ಕಾಕಂಬಿಯಲ್ಲಿ ಬೆಳೆಸಿ, ದ್ರವದಿಂದ ಬೇರ್ಪಡಿಸಿ, ತೊಳೆದು, ಶಾಖ ಕೊಟ್ಟು ಕೋಶಗಳನ್ನು ನಿರ್ಜೀವಗೊಳಿಸಿ, ಆಮೇಲೆ ಬಿಸಿ ಉರುಳೆಗಳ ಮೇಲೆ ತೆಳ್ಳಗೆ ಹರಡಿ ಒಣಗಿಸುತ್ತಾರೆ. ಹಸಿ ಆಹಾರದವರು ಸಾಮಾನ್ಯವಾಗಿ ಇಟ್ಟುಕೊಳ್ಳುವ 42ರಿಂದ 48 ಡಿಗ್ರಿ ಸೆಲ್ಸಿಯಸ್ ಮಿತಿಯನ್ನು ಈ ಶಾಖ ಬಹಳವೇ ಮೀರುತ್ತದೆ. ಆದುದರಿಂದ ನೂರಕ್ಕೆ ನೂರು ಹಸಿ ಆಹಾರವೇ ಆಗಬೇಕೆನ್ನುವವರು ಇದನ್ನು ಬಿಡಬೇಕಾಗುತ್ತದೆ. ಬಹುಪಾಲು ಹಸಿ ಎಂದು ನಿರ್ಧರಿಸಿಕೊಂಡವರು ಇದನ್ನು ತಿಳಿದೇ ಒಪ್ಪಿಕೊಂಡ ಒಂದು ವಿನಾಯಿತಿಯೆಂದು ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹಸಿಯೆಂದು ಮಾರುವ ಗೋಡಂಬಿಯ ಕಥೆಯೂ ಬೇರೆಯಲ್ಲ: ಅದರ ಸಿಪ್ಪೆಯಲ್ಲಿ ಚರ್ಮವನ್ನು ಸುಡುವ ಎಣ್ಣೆಯಿರುವುದರಿಂದ, ಒಡೆಯುವ ಮೊದಲು ಕಾಯನ್ನು ಸಾಮಾನ್ಯವಾಗಿ ಹಬೆಯಲ್ಲಿ ಬೇಯಿಸಿರುತ್ತಾರೆ ಅಥವಾ ಹುರಿದಿರುತ್ತಾರೆ.

ಶಾಖ ತಗುಲದ ಯೀಸ್ಟ್ ಬೇಕೆಂದು ಬ್ರೆಡ್ ಮಾಡುವ ಜೀವಂತ ಯೀಸ್ಟನ್ನು ತಿನ್ನುವ ಯೋಚನೆ ಕೆಲವರಿಗೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಜೀವಂತ ಕೋಶಗಳು ತಮ್ಮೊಳಗಿನ ಥಯಾಮಿನ್‌ನಂಥ ಬಿ ವಿಟಮಿನ್‌ಗಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಜೊತೆಗೆ ಹೊಟ್ಟೆಯನ್ನೂ ಉಬ್ಬರಿಸುತ್ತವೆ. ಇಲ್ಲಿ ಶಾಖವೇ ಈ ಪದಾರ್ಥವನ್ನು ಆಹಾರವಾಗಿಸಿದೆ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟ್ ಬೇರೆಯದೇ ಸರಕು. ಅದು ಕಹಿ, ನಮ್ಮ ಕೆಲಸಕ್ಕೆ ಒದಗುವುದಿಲ್ಲ.

ಇನ್ನು ಬಿ12. ಈ ವಿಷಯದಲ್ಲಿ ಹರಡಿರುವ ತಪ್ಪು ತಿಳುವಳಿಕೆಯಿಂದ ನಿಜವಾಗಿಯೂ ಹಾನಿಯಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯೀಸ್ಟ್ ತಾನಾಗಿ ಬಿ12 ತಯಾರಿಸುವುದಿಲ್ಲ. ಆ ವಿಟಮಿನ್ನನ್ನು ತಯಾರಿಸಬಲ್ಲವು ಬ್ಯಾಕ್ಟೀರಿಯಾ ಮತ್ತು ಅವುಗಳಂಥ ಕೆಲವು ಸೂಕ್ಷ್ಮಜೀವಿಗಳು ಮಾತ್ರ. ಗಿಡ, ಪ್ರಾಣಿ, ಶಿಲೀಂಧ್ರ ಯಾವುದಕ್ಕೂ ಆ ಶಕ್ತಿಯಿಲ್ಲ. ನ್ಯೂಟ್ರಿಷನಲ್ ಯೀಸ್ಟ್‌ನಲ್ಲಿ ಬಿ12 ಇದ್ದರೆ ಅದು ತಯಾರಕರು ಹೊರಗಿನಿಂದ, ಸಾಮಾನ್ಯವಾಗಿ ಸಯನೊಕೊಬಾಲಮಿನ್ ರೂಪದಲ್ಲಿ, ಸೇರಿಸಿದ್ದು. ಹೀಗೆ ಸೇರಿಸಿದ್ದನ್ನು ಸಾರವರ್ಧಿತ ಯೀಸ್ಟ್ ಎನ್ನಬಹುದು. ಸೇರಿಸದೆ ಮಾರುವ ಯೀಸ್ಟ್ ಕೂಡ ಅಂಗಡಿಯಲ್ಲಿ ಅದೇ ಬಣ್ಣದಲ್ಲಿ, ಅದೇ ಹೆಸರಿನಲ್ಲಿ, ಪಕ್ಕದಲ್ಲೇ ಕುಳಿತಿರುತ್ತದೆ. ನಾನು ಮೊದಲ ಸಲ ಕೊಂಡದ್ದು ಇಂಥದ್ದೇ. ಸಹಜ ಎಂದು ಬರೆದಿದ್ದ ಆ ಪೊಟ್ಟಣದ ಹಿಂದಿನ ಪೋಷಕಾಂಶಗಳ ಪಟ್ಟಿಯಲ್ಲಿ ಬಿ12ರ ಸಾಲೇ ಇರಲಿಲ್ಲ. ಅದನ್ನು ಗಮನಿಸದೆ ತಿಂಗಳುಗಟ್ಟಲೆ ಅದರ ಮೇಲೆಯೇ ಭರವಸೆಯಿಟ್ಟಿದ್ದೆ.

ಯೀಸ್ಟ್‌ನಲ್ಲಿ ಸಹಜವಾಗಿ ಹೇರಳವಾಗಿರುವುದು ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್. ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬಯಿಯ ಗರ್ಭಿಣಿಯರ ತೀವ್ರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಅಲ್ಲಿ ಕೆಲಸ ಮಾಡಿದ್ದು ಫೋಲೇಟ್ ಎಂಬುದು ನಂತರದ ವರ್ಷಗಳಲ್ಲಿ ತಿಳಿಯಿತು. ಬಿ12 ಬೇರೆಯದೇ ವಸ್ತು, ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1948ರಲ್ಲಿ. ಈ ಎರಡರ ವ್ಯತ್ಯಾಸ ಹಸಿ ಆಹಾರದವರಿಗೆ ವಿಶೇಷವಾಗಿ ಮುಖ್ಯ. ಸೊಪ್ಪುಗಳಿಂದಲೂ ಯೀಸ್ಟಿನಿಂದಲೂ ಫೋಲೇಟ್ ಸಾಕಷ್ಟು ಸಿಗುತ್ತಿರುವಾಗ ಬಿ12 ಕೊರತೆಯ ರಕ್ತಹೀನತೆ ಹೊರಗೆ ಕಾಣಿಸದೇ ಹೋಗಬಹುದು, ಆದರೆ ನರಗಳಿಗಾಗುವ ಹಾನಿ ಒಳಗೊಳಗೇ ಮುಂದುವರಿಯಬಹುದು. ಯಕೃತ್ತಿನ ಸಂಗ್ರಹ ಕರಗಲು ವರ್ಷಗಳೇ ಹಿಡಿಯುವುದರಿಂದ, ಈಗ ಚೆನ್ನಾಗಿದ್ದೇನೆ ಎಂಬ ಅನುಭವವನ್ನು ಪುರಾವೆಯಾಗಿ ತೆಗೆದುಕೊಳ್ಳಲಾಗದು. ಕೈಕಾಲುಗಳಲ್ಲಿ ಜೋಮು, ನಾಲಗೆಯ ಉರಿ, ಕಾರಣ ಗೊತ್ತಾಗದ ಆಯಾಸ ಕಂಡರೆ ವೈದ್ಯರ ಬಳಿ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿಯ ಪುಡಿ ತಿನ್ನುವವರು ಇನ್ನೊಂದು ಮಾತನ್ನೂ ನೆನಪಿಡಬೇಕು: ಅದರಲ್ಲಿರುವುದು ಬಹುಮಟ್ಟಿಗೆ ಬಿ12ನ್ನು ಹೋಲುವ, ಮನುಷ್ಯರ ದೇಹಕ್ಕೆ ಉಪಯೋಗವಿಲ್ಲದ ವಸ್ತು, ಅದು ರಕ್ತಪರೀಕ್ಷೆಯ ಸಂಖ್ಯೆಯನ್ನೂ ಏರಿಸಿ ತೋರಿಸಬಹುದು. ಅಂಥವರಿಗೆ ಮೀಥೈಲ್‌ಮಲೋನಿಕ್ ಆಮ್ಲದ (ಬಿ12 ಕಡಿಮೆಯಾದಾಗ ದೇಹದಲ್ಲಿ ಹೆಚ್ಚುವ ವಸ್ತು) ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ.

ಲೆಕ್ಕ ಹಾಕುವುದು ಹೀಗೆ. ಬ್ರಿಟನ್ನಿನಲ್ಲಿ 1944ರಲ್ಲಿ ಆರಂಭವಾದ ವೀಗನ್ ಸೊಸೈಟಿ ವಯಸ್ಕರಿಗೆ ಮೂರು ದಾರಿಗಳನ್ನು ಸೂಚಿಸುತ್ತದೆ: ಸಾರವರ್ಧಿತ ಆಹಾರವನ್ನು ದಿನಕ್ಕೆ ಎರಡು ಮೂರು ಬಾರಿ ತಿಂದು ಒಟ್ಟು ಕನಿಷ್ಠ 3 ಮೈಕ್ರೋಗ್ರಾಂ ಪಡೆಯುವುದು, ಇಲ್ಲವೇ ದಿನಕ್ಕೊಮ್ಮೆ ಕನಿಷ್ಠ 10 ಮೈಕ್ರೋಗ್ರಾಂ ಇರುವ ಮಾತ್ರೆ, ಇಲ್ಲವೇ ವಾರದಲ್ಲಿ ಒಟ್ಟು ಕನಿಷ್ಠ 2000 ಮೈಕ್ರೋಗ್ರಾಂ. ವಿರಳವಾಗಿ ತೆಗೆದುಕೊಂಡಷ್ಟೂ ಪ್ರಮಾಣ ಹೀಗೆ ಏರಲು ಕಾರಣವಿದೆ. ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನಿನ ನೆರವಿನಿಂದ ಕರುಳು ಒಂದು ಸಲಕ್ಕೆ ಒಂದೂವರೆಯಿಂದ ಎರಡು ಮೈಕ್ರೋಗ್ರಾಂನಷ್ಟನ್ನು ಮಾತ್ರ ಹೀರಬಲ್ಲದು. ಅದಕ್ಕಿಂತ ಹೆಚ್ಚಾದದ್ದರಲ್ಲಿ ಶೇಕಡಾ ಒಂದರಷ್ಟು ಮಾತ್ರ ಒಳಸೇರುತ್ತದೆ. ನಿಮ್ಮ ಪೊಟ್ಟಣದಲ್ಲಿ 5 ಗ್ರಾಂಗೆ 1.2 ಮೈಕ್ರೋಗ್ರಾಂ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಆಗ 3 ಮೈಕ್ರೋಗ್ರಾಂ ಸಿಗಲು ದಿನಕ್ಕೆ ಹನ್ನೆರಡೂವರೆ ಗ್ರಾಂ ಬೇಕಾಗುತ್ತದೆ, ಅದನ್ನೂ ಒಂದೇ ಊಟದಲ್ಲಿ ಸುರಿಯದೆ ಎರಡು ಮೂರು ಹೊತ್ತಿಗೆ ಹಂಚಬೇಕು. ಹಳುಕಾಗಿರುವ ಯೀಸ್ಟ್ ಒಂದು ಟೇಬಲ್ ಚಮಚಕ್ಕೆ ಐದು ಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ, ನುಣ್ಣನೆಯ ಪುಡಿ ಅದೇ ಚಮಚದಲ್ಲಿ ಅದಕ್ಕಿಂತ ಹೆಚ್ಚು. ಆದ್ದರಿಂದ ಹೊಸ ಪೊಟ್ಟಣ ತೆರೆದ ದಿನ ನಿಮ್ಮ ಚಮಚದಲ್ಲಿ ಎಷ್ಟು ಹಿಡಿಯುತ್ತದೆಂದು ತಕ್ಕಡಿಯಲ್ಲಿ ಒಮ್ಮೆ ತೂಗಿ, ಡಬ್ಬಿಯ ಮೇಲೆ ಬರೆದುಬಿಡಿ. ಪ್ರತಿದಿನ ಇಷ್ಟನ್ನು ಖಂಡಿತವಾಗಿ ತಿನ್ನುತ್ತೇನೆಂಬ ಭರವಸೆ ಇಲ್ಲದವರು ಮಾತ್ರೆಯನ್ನೇ ಆಧಾರವಾಗಿಟ್ಟುಕೊಂಡು ಯೀಸ್ಟನ್ನು ರುಚಿಗೆ ಬಳಸುವುದು ಸುರಕ್ಷಿತ. ನಾನು ಈಗ ಅನುಸರಿಸುತ್ತಿರುವುದೂ ಅದನ್ನೇ.

ಉಳಿದ ಪೋಷಕಾಂಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಣ ತೂಕದ ಸುಮಾರು ಅರ್ಧದಷ್ಟು ಪ್ರೋಟೀನ್ ಆಗಿದ್ದು, ಅದರಲ್ಲಿ ಅಗತ್ಯ ಅಮೈನೊ ಆಮ್ಲಗಳು ಒಂಬತ್ತೂ ಇವೆ. ಆದರೆ ನಾವು ತಿನ್ನುವುದು ಚಮಚದ ಲೆಕ್ಕದಲ್ಲಿ ಎಂಬುದನ್ನು ಮರೆಯಬಾರದು. ಕ್ಯಾಲ್ಸಿಯಂ, ಅಯೋಡಿನ್, ಒಮೆಗಾ-3 ಇವುಗಳಿಗೆ ಇದು ಆಸರೆಯಲ್ಲ.

ಬಳಸುವಾಗ ಮೂರು ಜೊತೆಗಾರರನ್ನು ಬಿಡಬಾರದು: ಉಪ್ಪು, ಹುಳಿ, ಕೊಬ್ಬು. ಯೀಸ್ಟ್ ತಾನಾಗಿ ಉಪ್ಪಾಗಿರುವುದಿಲ್ಲ. ಬರಿಯದಾಗಿ ಬಾಯಿಗೆ ಹಾಕಿಕೊಂಡರೆ ಹಳುಕು ಅಂಗುಳಕ್ಕೆ ಅಂಟಿಕೊಂಡು, ಹಿಟ್ಟಿನಂತಾಗಿ, ಇದೇನು ಇಷ್ಟೇಯೇ ಎನಿಸುತ್ತದೆ. ಅದೇ ಹಳುಕು ನಿಂಬೆರಸ, ಚಿಟಿಕೆ ಉಪ್ಪು ಮತ್ತು ಅರೆದ ಬೀಜದ ಜಿಡ್ಡಿನೊಂದಿಗೆ ಸೇರಿದಾಗ ತನ್ನ ಪೂರ್ತಿ ರುಚಿಯನ್ನು ಬಿಟ್ಟುಕೊಡುತ್ತದೆ. ಮೊದಲು ಕಲಿಯಬೇಕಾದದ್ದು ಗೋಡಂಬಿಯ ಸಾಸ್. ಒಂದು ಬಟ್ಟಲು ಗೋಡಂಬಿಯನ್ನು ಮೂರು ಗಂಟೆ ನೆನೆಸಿ, ನೀರು ಬಸಿದು, ಎರಡು ಟೇಬಲ್ ಚಮಚ ನಿಂಬೆರಸ, ಮೂರು ಟೇಬಲ್ ಚಮಚ ಯೀಸ್ಟ್, ಬೆಳ್ಳುಳ್ಳಿಯ ಒಂದು ಸಣ್ಣ ಎಸಳು, ಅರ್ಧ ಟೀ ಚಮಚ ಉಪ್ಪು ಸೇರಿಸಿ, ಅರ್ಧ ಬಟ್ಟಲು ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ನುಣ್ಣಗೆ ಅರೆಯಿರಿ. ಮಿಕ್ಸಿಯ ಅಲಗಿನ ತಿಕ್ಕಾಟದಿಂದಲೇ ಮಿಶ್ರಣ ಬಿಸಿಯಾಗುವುದರಿಂದ, ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ, ಪಾತ್ರೆಯ ಹೊರಮೈ ಮುಟ್ಟಿ ನೋಡಿ, ಬೆಚ್ಚಗಾಗಿದ್ದರೆ ತಣಿಯಲು ಬಿಡಿ. ಅರೆದ ಕೂಡಲೇ ರುಚಿ ನೋಡಿದರೆ ನಿಂಬೆ ಮತ್ತು ಬೆಳ್ಳುಳ್ಳಿ ಮುಂದೆ ನಿಂತಿರುತ್ತವೆ, ಸಾಸ್ ಕೂಡ ತೆಳುವಾಗಿರುತ್ತದೆ. ಆಗ ಇನ್ನಷ್ಟು ಯೀಸ್ಟ್ ಸುರಿಯುವ ಆತುರ ಬೇಡ. ಕಾಲು ಗಂಟೆ ಮುಚ್ಚಿಟ್ಟರೆ ಯೀಸ್ಟ್ ನೀರನ್ನು ಹೀರಿಕೊಂಡು ಸಾಸ್ ಗಟ್ಟಿಯಾಗುತ್ತದೆ, ಬಣ್ಣ ತಿಳಿ ಹಳದಿಗೆ ತಿರುಗಿ ಚಮಚದ ಬೆನ್ನಿಗೆ ಪದರವಾಗಿ ನಿಲ್ಲುತ್ತದೆ, ಬೆಳ್ಳುಳ್ಳಿಯ ಚುರುಕು ಹಿಂದೆ ಸರಿಯುತ್ತದೆ. ಉಪ್ಪು ಸರಿಮಾಡಬೇಕಾದದ್ದು ಆಗಲೇ. ಉದ್ದುದ್ದ ಎಳೆಗಳಾಗಿ ಹೆರೆದ ಸೌತೆ ಅಥವಾ ಕ್ಯಾರೆಟ್ ಮೇಲೆ ಇದನ್ನು ಸುರಿಯಬಹುದು. ಗೋಡಂಬಿ ಒಗ್ಗದವರು ನೆನೆಸಿದ ಸೂರ್ಯಕಾಂತಿ ಬೀಜದಿಂದ ಮಾಡಿಕೊಳ್ಳಬಹುದು. ಆಗ ಬಣ್ಣ ಸ್ವಲ್ಪ ಬೂದುಬಣ್ಣಕ್ಕೆ ಹೋಗುತ್ತದೆ, ನಿಂಬೆ ತುಸು ಹೆಚ್ಚು ಬೇಕಾಗುತ್ತದೆ.

ಸೊಪ್ಪಿನ ಸಲಾಡಿಗೆ ಬಳಸುವಾಗ ಯಾವುದರ ನಂತರ ಯಾವುದು ಎಂಬುದೇ ಮುಖ್ಯ. ಒಣ ಎಲೆಯ ಮೇಲೆ ಉದುರಿಸಿದ ಯೀಸ್ಟ್ ಜಾರಿ ಬಟ್ಟಲಿನ ತಳ ಸೇರುತ್ತದೆ. ಎಲೆಗೆ ಮೊದಲು ನಿಂಬೆರಸ, ಎಣ್ಣೆ, ಉಪ್ಪು ಹಚ್ಚಿ ಕೈಯಿಂದ ಮೃದುವಾಗಿ ಹಿಸುಕಿ, ಎಲೆ ಬಾಡಿ ಒದ್ದೆಯಾದ ಮೇಲೆ ಯೀಸ್ಟ್ ಉದುರಿಸಿ. ಆಗ ಪ್ರತಿ ಎಲೆಯೂ ಅದನ್ನು ಹಿಡಿದುಕೊಳ್ಳುತ್ತದೆ. ನಾಲ್ಕು ಪಾಲು ಒಣ ಬೀಜ, ಎರಡು ಪಾಲು ಯೀಸ್ಟ್, ರುಚಿಗೆ ಉಪ್ಪು ಹಾಕಿ ಬಿಟ್ಟು ಬಿಟ್ಟು ತಿರುಗಿಸಿ ತರಿತರಿಯಾದ ಪುಡಿ ಮಾಡಿಟ್ಟುಕೊಂಡರೆ ವಾರವಿಡೀ ತಟ್ಟೆಯ ಮೇಲೆ ಉದುರಿಸಲು ಬರುತ್ತದೆ. ಬೀಜ ಎಣ್ಣೆ ಬಿಡುವ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಉಂಡೆಗಟ್ಟುತ್ತದೆ. ನೆನೆಸಿದ ಅಗಸೆ ಬೀಜದ ಲೋಳೆಗೆ ಯೀಸ್ಟ್ ಕಲಸಿ, ತೆಳ್ಳಗೆ ಹರಡಿ, 45 ಡಿಗ್ರಿಯಲ್ಲಿ ಡಿಹೈಡ್ರೇಟರಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿದರೆ ಒಳ್ಳೆಯ ಕ್ರ್ಯಾಕರ್ ಆಗುತ್ತದೆ. ಅರ್ಧ ಯೀಸ್ಟನ್ನು ಒಳಗೆ ಕಲಸಿ, ಉಳಿದರ್ಧವನ್ನು ಹಸಿಯಿರುವಾಗಲೇ ಮೇಲೆ ಉದುರಿಸಿದರೆ ನಾಲಗೆಗೆ ಮೊದಲು ತಗುಲುವುದೇ ಅದಾಗುತ್ತದೆ. ಸಿಹಿ ಹಣ್ಣಿನ ಸ್ಮೂದಿಗೆ ಇದನ್ನು ಹಾಕುವವರಿದ್ದಾರೆ. ನನಗಂತೂ ಅದು ಹಣ್ಣಿಗೂ ಯೀಸ್ಟಿಗೂ ಮಾಡುವ ಅನ್ಯಾಯ ಎನಿಸುತ್ತದೆ.

ಹೊಸದಾಗಿ ಆರಂಭಿಸುವವರು ದಿನಕ್ಕೆ ಒಂದು ಟೀ ಚಮಚದಿಂದ ತೊಡಗಿ ಎರಡು ವಾರಗಳಲ್ಲಿ ಏರಿಸಿಕೊಳ್ಳಲಿ, ಏಕೆಂದರೆ ಇದರ ನಾರಿನಂಶ ಒಮ್ಮೆಲೇ ಹೆಚ್ಚಾದರೆ ವಾಯು ತುಂಬುತ್ತದೆ. ಸಾರವರ್ಧಿತ ಯೀಸ್ಟ್ ತಿಂದ ಮೇಲೆ ಮೂತ್ರ ಗಾಢ ಹಳದಿಯಾಗುವುದು ಬಿ2 ವಿಟಮಿನ್ ಆದ ರೈಬೊಫ್ಲೇವಿನ್‌ನಿಂದ, ಅದರಿಂದ ತೊಂದರೆಯಿಲ್ಲ. ಆದರೆ ಮುಖ, ಕತ್ತು ಕೆಂಪಾಗಿ ಬಿಸಿಯೇರಿದರೆ ಸೇರಿಸಿರುವ ನಯಾಸಿನ್ ಎಂಬ ಬಿ3 ವಿಟಮಿನ್ ಒಂದೇ ಸಲ ಹೆಚ್ಚಾಗಿರಬಹುದು, ಪ್ರಮಾಣ ಇಳಿಸಬೇಕು. ದೇಹದಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ಹೆಚ್ಚಾಗಿರುವುದರಿಂದ ಗೌಟ್ ಎಂಬ ಕೀಲುರೋಗ ಇರುವವರು, ಕ್ರೋನ್ಸ್‌ನಂಥ ಕರುಳಿನ ಉರಿಯೂತ ಇರುವವರು, ಖಿನ್ನತೆಗಾಗಿ ಎಂಎಒ ಪ್ರತಿರೋಧಕ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ತಿನ್ನಬಾರದು. ಯೀಸ್ಟ್ ಅಲರ್ಜಿ ಇರುವವರು ಮುಟ್ಟಲೇಬಾರದು.

ಕೊನೆಯದಾಗಿ, ಇಡುವ ಜಾಗ. ರೈಬೊಫ್ಲೇವಿನ್ ಬೆಳಕಿಗೆ ಬೇಗ ಹಾಳಾಗುತ್ತದೆ, ಬಿ12 ಕೂಡ ಬೆಳಕನ್ನು ತಾಳಿಕೊಳ್ಳುವುದಿಲ್ಲ. ಹಾಗಾಗಿ ಕಿಟಕಿಯ ಬಳಿಯ ಪಾರದರ್ಶಕ ಗಾಜಿನ ಭರಣಿ, ನೋಡಲು ಎಷ್ಟೇ ಚೆನ್ನಾಗಿದ್ದರೂ, ಇದಕ್ಕೆ ತಕ್ಕದ್ದಲ್ಲ. ಗಾಳಿಯಾಡದ, ಬೆಳಕು ತೂರದ ಡಬ್ಬಿಯಲ್ಲಿ ತಂಪಾದ ಕಪಾಟಿನೊಳಗೆ ಇಡಿ. ತೆರೆದ ಚೀಲದಿಂದ ಅಳೆದು ಕೊಡುವ ಯೀಸ್ಟನ್ನು ಕೊಳ್ಳದಿರುವುದಕ್ಕೂ ಇದೇ ಕಾರಣ: ಅದು ಎಷ್ಟು ದಿನ ಬೆಳಕಿನಲ್ಲಿತ್ತು ಎಂಬುದೂ ತಿಳಿಯುವುದಿಲ್ಲ, ಓದಲು ಲೇಬಲ್ಲೂ ಇರುವುದಿಲ್ಲ. ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ; ತೇವ ಸೇರಿ ಒಮ್ಮೆ ಗಟ್ಟಿ ಉಂಡೆಯಾದ, ಮುಗ್ಗಲು ವಾಸನೆ ಬಂದ ಯೀಸ್ಟನ್ನು ಒಣಗಿಸಿ ಬಳಸಲು ನೋಡದೆ ಎಸೆದುಬಿಡಿ.