ಸಂಬಳ 30 ಸಾವಿರ, ಕಂಪನಿಗೆ ಕೊಟ್ಟ ಸಾಲ 40 ಲಕ್ಷ: ಜೀವನಾಂಶದ ಕೇಸುಗಳಲ್ಲಿ ನನ್ನ ಅನುಭವ

ಜೀವನಾಂಶದ ಕೇಸಿನಲ್ಲಿ ಗಂಡ ಸರ್ಕಾರಿ ನೌಕರನಾಗಿದ್ದರೆ ವಕೀಲರ ಕೆಲಸ ಸಲೀಸು. ಸಂಬಳದ ಚೀಟಿ ತರಿಸಿದರೆ ಅರ್ಧ ಕೇಸು ಮುಗಿದ ಹಾಗೆ. ಕಷ್ಟ ಶುರುವಾಗುವುದು ಆತ ಸ್ವಂತ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದಾಗ. ಮನೆ ಕಂಪನಿ ಹೆಸರಲ್ಲಿ, ಕಾರು ಕಂಪನಿ ಹೆಸರಲ್ಲಿ, ಫೋನ್ ಬಿಲ್ಲೂ ಕಂಪನಿಯದೇ. ಕೋರ್ಟಿಗೆ ಬಂದಾಗ ಮಾತ್ರ ಒಂದೇ ಮಾತು: "ನಾನು ಡೈರೆಕ್ಟರ್ ಅಷ್ಟೆ, ತಿಂಗಳಿಗೆ 30 ಸಾವಿರ ಸಂಬಳ."

ಕಾನೂನೂ ಮೊದಲಿಗೆ ಅವನ ಪರವಾಗಿಯೇ ನಿಲ್ಲುತ್ತದೆ. ಕಂಪನಿ ಬೇರೆ, ಅದರ ಒಡೆಯ ಬೇರೆ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1897ರಲ್ಲೇ ಸಾಲೊಮನ್ ಎಂಬ ಬೂಟು ವ್ಯಾಪಾರಿಯ ಕೇಸಿನಲ್ಲಿ ಹೇಳಿಬಿಟ್ಟಿದೆ. ಒಡೆಯನಿಗೂ ಕಂಪನಿಗೂ ನಡುವಿನ ಈ ಗೋಡೆಗೆ ವಕೀಲರು 'ಪರದೆ' ಅನ್ನುತ್ತಾರೆ. ಅದನ್ನು ಯಾವಾಗ ಸರಿಸಿ ಹಿಂದಿರುವ ಒಡೆಯನನ್ನು ಹಿಡಿಯಬಹುದು ಅನ್ನುವ ಬಗ್ಗೆ ಪಂಡಿತರು ಬರೆದಿದ್ದಕ್ಕೆ ಲೆಕ್ಕವೇ ಇಲ್ಲ. ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಸ್ಕಿಪ್ಪರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಸರಿಸಿಯೂ ತೋರಿಸಿದೆ. ಆದರೆ ಅದು ಜನರಿಂದ ದುಡ್ಡು ಎತ್ತಿದ ದೊಡ್ಡ ಮೋಸದ ವಿಷಯ. ಮಧ್ಯಂತರ ಜೀವನಾಂಶದ ಅರ್ಜಿಯಲ್ಲಿ ಆ ವಾದ ಎತ್ತಿದರೆ ಎದುರು ವಕೀಲರಿಗೆ ಒಂದಿಷ್ಟು ವಾಯಿದೆ ಸಿಗುತ್ತದೆ, ನಮ್ಮ ಕಕ್ಷಿದಾರರಿಗೆ ಏನೂ ಸಿಗುವುದಿಲ್ಲ.

ನನಗೆ ದಾರಿ ತೋರಿಸಿದ್ದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ಪ್ರೆಸ್ಟ್ ತೀರ್ಪು. ಗಂಡ ತೈಲ ವ್ಯಾಪಾರಿ. ಲಂಡನ್ನಿನ ಮನೆಗಳೆಲ್ಲ ಕಂಪನಿ ಹೆಸರಲ್ಲಿದ್ದವು. ಕೆಲವನ್ನು ಬರೀ 1 ಪೌಂಡ್‌ಗೆ ಕಂಪನಿಗೆ ಬರೆದುಕೊಡಲಾಗಿತ್ತು. ವಿಚ್ಛೇದನದ ಕೇಸು ಅಂದಮಾತ್ರಕ್ಕೆ ಪರದೆ ಸರಿಸಲು ಆಗದು ಎಂದಿತು ಕೋರ್ಟು. ಆದರೂ ಹೆಂಡತಿಯೇ ಗೆದ್ದಳು. ಮನೆ ಕೊಂಡ ದುಡ್ಡು ಗಂಡನದು, ಕಂಪನಿ ಅದನ್ನು ಅವನ ಪರವಾಗಿ ಇಟ್ಟುಕೊಂಡಿದೆ ಅಷ್ಟೆ ಎಂದು ತೀರ್ಮಾನವಾಯಿತು. ಗಂಡ ದಾಖಲೆ ಕೊಡದೆ ಆಟವಾಡಿದ್ದನ್ನೂ ಅವನ ವಿರುದ್ಧವೇ ಹಿಡಿದರು. ಇದನ್ನು ಓದಿದ ಮೇಲೆ 'ಪರದೆ' ಅನ್ನುವ ಪದವನ್ನೇ ನನ್ನ ಅರ್ಜಿಗಳಿಂದ ತೆಗೆದುಹಾಕಿದೆ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದಷ್ಟನ್ನೇ ಬರೆಯುತ್ತೇನೆ.

ಅದಕ್ಕೆ ಬೇಕಾದ ಸಾಧನ ನಮ್ಮಲ್ಲೇ ಇದೆ. ರಜನೀಶ್ ವರ್ಸಸ್ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಒಂದು ನಮೂನೆಯನ್ನೇ ಕೊಟ್ಟಿತು. ಗಂಡ, ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯ, ಖರ್ಚು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಹೇಳಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಅಂತ ಹೇಳಿದ್ದೂ ಅದೇ ತೀರ್ಪು. ಸುಮಾರು ವಕೀಲರು ಈ ಅಫಿಡವಿಟ್ಟನ್ನು ಸುಮ್ನೆ ಒಂದು ಶಾಸ್ತ್ರ ಅಂತ ತುಂಬಿಸಿ ಕೊಡುತ್ತಾರೆ. ನನಗೆ ಅದೇ ಅನುಕೂಲ.

ಎದುರು ಕಡೆಯ ಅಫಿಡವಿಟ್ ಕೈಗೆ ಬರುತ್ತಿದ್ದಂತೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್ಲಿಗೆ ಹೋಗುತ್ತೇನೆ. 100 ರೂಪಾಯಿ ಶುಲ್ಕ ಕಟ್ಟಿದರೆ ಯಾವುದೇ ಕಂಪನಿಯ ಸಾರ್ವಜನಿಕ ದಾಖಲೆಗಳನ್ನು ನೋಡಬಹುದು. ಇದಕ್ಕೆ ಕೋರ್ಟಿನ ಆದೇಶ ಬೇಡ, ಯಾರ ಸಹಿಯೂ ಬೇಡ. ಷೇರು ಯಾರ ಕೈಲಿದೆ ಅನ್ನುವುದು ಕಂಪನಿ ಪ್ರತಿ ವರ್ಷ ಸಲ್ಲಿಸುವ ಎಂಜಿಟಿ-7 ಎಂಬ ನಮೂನೆಯಲ್ಲಿ ಸಿಗುತ್ತದೆ, ಸಣ್ಣ ಕಂಪನಿಯಾದರೆ ಎಂಜಿಟಿ-7ಎ. ವಾರ್ಷಿಕ ಲೆಕ್ಕಪತ್ರದ ನಮೂನೆಯಾದ ಎಒಸಿ-4ರ ಜೊತೆ ಬ್ಯಾಲೆನ್ಸ್ ಶೀಟ್ ಇರುತ್ತದೆ. ಲಾಭ-ನಷ್ಟದ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ಅದನ್ನು ಹೇಗೆ ಬೇಕಾದರೂ ಕೂರಿಸಬಹುದು. ನಾನು ನೋಡುವುದು ಕೊನೆಯ ಪುಟಗಳ ನೋಟ್ಸ್. ಅದರಲ್ಲೂ ಎರಡು ಜಾಗ. ಒಂದು, ಸಂಬಂಧಪಟ್ಟವರ ಜೊತೆಗಿನ ವ್ಯವಹಾರ. ಇನ್ನೊಂದು, ಡೈರೆಕ್ಟರುಗಳಿಂದ ಪಡೆದ ಸಾಲ.

ಒಂದು ಕೇಸಿನಲ್ಲಿ ಆ ಎರಡನೇ ಸಾಲಿನಲ್ಲೇ ಎಲ್ಲ ಇತ್ತು. 30 ಸಾವಿರ ಸಂಬಳದ ಗಂಡ ಅದೇ ವರ್ಷ ಕಂಪನಿಗೆ 40 ಲಕ್ಷ ಸಾಲ ಕೊಟ್ಟಿದ್ದ! ಪ್ರಿಂಟ್ ತೆಗೆದು, ಆ ಸಾಲಿನ ಕೆಳಗೆ ಗೆರೆ ಎಳೆದು, ಮೆಮೊ ಜೊತೆ ಹಾಕಿದೆ. ಪ್ರಿಂಟ್ ಪ್ರತಿಗೆ ಸಾಕ್ಷ್ಯದ ನಿಯಮ ಎಲ್ಲಿದೆ ಅಂತ ಎದುರು ವಕೀಲರು ಆಕ್ಷೇಪ ಎತ್ತಿದರು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 14ನೇ ಕಲಂ ಓದಿದೆ. ವಿವಾದ ಬಗೆಹರಿಸಲು ನೆರವಾಗುವ ಯಾವ ದಾಖಲೆಯನ್ನಾದರೂ ಕೋರ್ಟು ತೆಗೆದುಕೊಳ್ಳಬಹುದು ಅನ್ನುತ್ತದೆ ಅದು.

ನ್ಯಾಯಾಧೀಶರು ಕೇಳಿದರು: "ಈ ದುಡ್ಡು ಎಲ್ಲಿಂದ ಬಂತು?"

"ಅವರ ತಂದೆಯಿಂದ ಕೈಸಾಲ ತಂದದ್ದು, ಸ್ವಾಮಿ" ಎಂದರು ಎದುರು ವಕೀಲರು.

"ಹಾಗಾದರೆ ಅಫಿಡವಿಟ್‌ನ ಸಾಲದ ಕಾಲಂನಲ್ಲಿ ಯಾಕಿಲ್ಲ?"

ಉತ್ತರ ಬರಲಿಲ್ಲ. ನನ್ನ ಹತ್ತಿರ ಇನ್ನೊಂದು ಕಾಗದವೂ ಇತ್ತು. ಕಂಪನಿಗಳು ಠೇವಣಿ ಪಡೆಯುವ ಬಗ್ಗೆ ಇರುವ 2014ರ ನಿಯಮಗಳ ಪ್ರಕಾರ, ಡೈರೆಕ್ಟರ್ ಕೊಟ್ಟ ಹಣ ಠೇವಣಿ ಅನಿಸಿಕೊಳ್ಳಬಾರದು ಎಂದರೆ ಇದು ಸಾಲ ಮಾಡಿ ತಂದ ದುಡ್ಡಲ್ಲ ಅಂತ ಆತ ಬರೆದುಕೊಡಬೇಕು. ಅಂದರೆ ತಂದೆಯ ಕೈಸಾಲ ನಿಜವಾದರೆ ಕಂಪನಿಯ ಕಡತದಲ್ಲಿ ಇರಬೇಕಾದ ಘೋಷಣೆ ಸುಳ್ಳು. ಘೋಷಣೆ ನಿಜವಾದರೆ ದುಡ್ಡು ಅವನದೇ. ತಂದೆ ಸುಮ್ಮನೆ ಕೊಟ್ಟರು ಅಂತ ಮಾತು ಬದಲಿಸಿದರೂ, ಕಂಪನಿಯಿಂದ ಅವನಿಗೆ ವಾಪಸ್ ಬರಬೇಕಾದ 40 ಲಕ್ಷ ಆಸ್ತಿಯ ಕಾಲಂನಲ್ಲಿ ಇರಬೇಕಿತ್ತು ಅಲ್ವಾ? ಮುಂದಿನ ವಾಯಿದೆಗೆ ಹೊಸ ಅಫಿಡವಿಟ್ ಬಂತು. ಜೀವನಾಂಶ ನಾವು ಕೇಳಿದಷ್ಟು ಪೂರ್ತಿ ಸಿಗದಿದ್ದರೂ, 30 ಸಾವಿರದ ಲೆಕ್ಕ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಸುಳ್ಳು ಅಫಿಡವಿಟ್‌ಗೆ ಕ್ರಿಮಿನಲ್ ಕ್ರಮಕ್ಕೂ ದಾರಿಯಿದೆ. ಹಿಂದೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 340ನೇ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 379ನೇ ಕಲಂ. ಕಕ್ಷಿದಾರರು ಇದನ್ನೇ ಜಾಸ್ತಿ ಕೇಳುತ್ತಾರೆ: "ಮೇಡಂ, ಅವರನ್ನು ಒಳಗೆ ಹಾಕಿಸಕ್ಕಾಗಲ್ವಾ?" ನಾನು ಒಪ್ಪುವುದು ಕಡಿಮೆ. ಆ ಅರ್ಜಿ ಬೇರೆಯೇ ಒಂದು ಕೇಸಾಗಿ ಎಳೆಯುತ್ತದೆ, ಮಕ್ಕಳ ಶಾಲೆ ಫೀಸು ಅಲ್ಲಿಯವರೆಗೆ ಕಾಯುವುದಿಲ್ಲ. ಸುಳ್ಳನ್ನು ದಾಖಲೆಯಲ್ಲಿ ಗುರುತು ಮಾಡಿಸಿಟ್ಟು, ಆ ಹಕ್ಕನ್ನು ಉಳಿಸಿಕೊಂಡಿದ್ದೇವೆ ಅಂತ ಒಂದು ವಾಕ್ಯ ಬರೆಸುತ್ತೇನೆ. ಎದುರು ಕಡೆಯವರು ಮಾತುಕತೆಗೆ ಬರಲು ಹೆಚ್ಚಿನ ಸಲ ಅಷ್ಟೇ ಸಾಕಾಗಿದೆ.

ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ಪೂರ್ತಿ ನಗದಿನಲ್ಲಿ ವ್ಯಾಪಾರ ಮಾಡುವವನಿಗೆ ಕಂಪನಿಯೇ ಇರುವುದಿಲ್ಲ, ಪೋರ್ಟಲ್ಲಿನಲ್ಲಿ ಏನೂ ಸಿಗುವುದಿಲ್ಲ. ಅಂಥವರ ಕೇಸಿನಲ್ಲಿ ಮನೆಯ ಕರೆಂಟ್ ಬಿಲ್ಲು, ಶಾಲೆಯ ರಸೀದಿ, ವಿಮೆ ಕಂತುಗಳನ್ನು ಒಂದೊಂದಾಗಿ ಜೋಡಿಸಿ ಜೀವನಮಟ್ಟ ತೋರಿಸುತ್ತೇನೆ. ಅದಕ್ಕೆ ಹೆಂಡತಿ ಮನೆ ಬಿಡುವ ಮೊದಲೇ ಆ ಕಾಗದಗಳ ಫೋಟೋ ತೆಗೆದಿಟ್ಟುಕೊಂಡಿರಬೇಕು.