ಥರ್ಮಲ್ ಕ್ಯಾಮೆರಾದಲ್ಲಿ ಸ್ಟ್ರೆಸ್ ನೋಡುವುದು: ನನ್ನ ಅನುಭವ

ಇಲ್ಲಿ ಸ್ಟ್ರೆಸ್ ಎಂದರೆ ಲೋಡ್ ಬಿದ್ದಾಗ ಲೋಹದೊಳಗೆ ಹುಟ್ಟುವ ಎಳೆತ ಅಥವಾ ಸಂಕೋಚನ; ಅದರ ಅಳತೆ ಮೆಗಾಪ್ಯಾಸ್ಕಲ್. ಲೋಹವನ್ನು ಎಳೆದರೆ ತುಸು ತಣ್ಣಗಾಗುತ್ತದೆ, ಒತ್ತಿದರೆ ಬಿಸಿಯಾಗುತ್ತದೆ; ಈ ಬದಲಾವಣೆಯನ್ನೇ ಥರ್ಮಲ್ ಕ್ಯಾಮೆರಾದಲ್ಲಿ ಹಿಡಿಯುತ್ತೇನೆ. ಆದರೆ ಕೋಣೆಯ ಉಷ್ಣಾಂಶದಲ್ಲಿ ಉಕ್ಕಿಗೆ ಇದು 1 ಮೆಗಾಪ್ಯಾಸ್ಕಲ್‌ಗೆ ಸುಮಾರು 1 ಮಿಲಿಕೆಲ್ವಿನ್ (ಡಿಗ್ರಿಯ ಸಾವಿರದ ಒಂದು ಭಾಗ) ಮಾತ್ರ. ಒಳ್ಳೆಯ ಕೂಲ್ಡ್ (ಸೆನ್ಸರನ್ನು ತಂಪಾಗಿಸಿದ) ಕ್ಯಾಮೆರಾದ ನಾಯ್ಸ್ ಕೂಡ ಒಂದು ಫ್ರೇಮಿನಲ್ಲಿ 20 ಮಿಲಿಕೆಲ್ವಿನ್ ಆಸುಪಾಸು ಇರುತ್ತದೆ. ಹಾಗಾಗಿ ಫಟೀಗ್ ಮಷೀನಿನಲ್ಲಿ (ಲೋಡನ್ನು ಮತ್ತೆ ಮತ್ತೆ ಹಾಕುವ ಪರೀಕ್ಷಾ ಯಂತ್ರ) ಲೋಡನ್ನು ಸೈನ್ ಅಲೆಯಾಗಿ ಏರಿಳಿಸಿ, ಸಾವಿರಾರು ಫ್ರೇಮುಗಳಿಂದ ಆ ಆವರ್ತನದ ಸಂಕೇತವನ್ನಷ್ಟೇ ಲಾಕ್-ಇನ್ ಲೆಕ್ಕದಲ್ಲಿ ಹೆಕ್ಕುತ್ತೇನೆ. ಮಷೀನಿನ ಲೋಡ್ ಸೆಲ್ (ಬಲ ಅಳೆಯುವ ಸಾಧನ) ಸಿಗ್ನಲ್ಲೇ ಇದಕ್ಕೆ ರೆಫರೆನ್ಸ್.

ಮೊದಲು ಮೇಲ್ಮೈ. ಜಿಡ್ಡು ಒರೆಸಿ, ಮ್ಯಾಟ್ ಕಪ್ಪು ಸ್ಪ್ರೇಯನ್ನು ತೆಳುವಾಗಿ ಎರಡು ಸಲ ಹೊಡೆಯುತ್ತೇನೆ. ಒಟ್ಟು ದಪ್ಪ 20–30 ಮೈಕ್ರಾನ್ ಸಾಕು. ಬಣ್ಣ ದಪ್ಪವಾದರೆ ಅದೇ ಶಾಖ ನಿರೋಧಕವಾಗುತ್ತದೆ: ಸಂಕೇತ ಕುಗ್ಗುತ್ತದೆ, ಫೇಸ್ (ಲೋಡಿನ ಅಲೆಗೆ ಹೋಲಿಸಿದರೆ ಸಂಕೇತ ಎಷ್ಟು ಹಿಂದೆ ಮುಂದೆ ಇದೆ ಎಂಬ ಕೋನ) ಹಿಂದೆ ಬೀಳುತ್ತದೆ. ಬಣ್ಣವಿಲ್ಲದ ಹೊಳಪು ಲೋಹದಲ್ಲಂತೂ ಎದುರು ನಿಂತವರ ಮೈಶಾಖವೇ ಪ್ರತಿಫಲಿಸುತ್ತದೆ.

ಇನ್ನು ಆವರ್ತನ. ನಿಧಾನವಾಗಿ ಲೋಡ್ ಮಾಡಿದರೆ ಶಾಖ ಅಕ್ಕಪಕ್ಕಕ್ಕೆ ಹರಿದು ಚಿತ್ರ ಮಸುಕಾಗುತ್ತದೆ. 10 ಹರ್ಟ್ಸ್‌ನಲ್ಲಿ ಒಂದು ಆವರ್ತದೊಳಗೆ ಶಾಖ ಹರಡುವ ದೂರ ಸಾಧಾರಣ ಉಕ್ಕಿನಲ್ಲಿ ಸುಮಾರು 0.6 ಮಿಲಿಮೀಟರ್, ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಸುಮಾರು 1.4. ಅಲ್ಯುಮಿನಿಯಂಗೆ ಆವರ್ತನ ಏರಿಸಲೇಬೇಕು. ಫ್ರೇಮ್ ರೇಟ್ ಆವರ್ತನದ ಪೂರ್ಣ ಗುಣಕವಾಗದಂತೆಯೂ ನೋಡಿಕೊಳ್ಳುತ್ತೇನೆ. ಹಾಗೆ ಗುಣಕವಾದರೆ ಪ್ರತಿ ಆವರ್ತದಲ್ಲೂ ಅಲೆಯ ಅವೇ ಬಿಂದುಗಳು ಮರುಕಳಿಸುತ್ತವೆ.

ಬಣ್ಣಬಣ್ಣದ ಆಂಪ್ಲಿಟ್ಯೂಡ್ (ಏರಿಳಿತದ ಪ್ರಮಾಣ) ಚಿತ್ರಕ್ಕಿಂತ ಮೊದಲು ನಾನು ತೆರೆಯುವುದು ಫೇಸ್ ಚಿತ್ರ. ನಡುವೆ ರಂಧ್ರವಿರುವ ಪಟ್ಟಿಯನ್ನು ಎಳೆದಾಗ, ರಂಧ್ರದ ಎರಡು ಪಕ್ಕಗಳಲ್ಲಿ ಎಳೆತವು ರಂಧ್ರದಿಂದ ದೂರವಿರುವ ಕಡೆಯ ಸ್ಟ್ರೆಸ್‌ನ ಮೂರು ಪಟ್ಟಿನ ಸಮೀಪಕ್ಕೆ ಏರುತ್ತದೆ. ಮೇಲೆ ಕೆಳಗೆ, ಲೋಡಿನ ದಿಕ್ಕಿನ ಅಂಚುಗಳಲ್ಲಿ, ಸಂಕೋಚನ. ಫೇಸ್ ಅಲ್ಲಿ ಥಟ್ಟನೆ 180 ಡಿಗ್ರಿ ತಿರುಗಬೇಕು. ನಡುವಿನ ಕೋನಗಳು ಅಗಲವಾಗಿ ಹರಡಿದ್ದರೆ ಶಾಖ ಹರಿಯುತ್ತಿದೆ, ಅಥವಾ ಆ ಜಾಗ ಪ್ಲಾಸ್ಟಿಕ್ ಆಗಿದೆ (ಲೋಹ ಮೊದಲಿನ ಆಕಾರಕ್ಕೆ ಮರಳದಷ್ಟು ಹಿಗ್ಗಿದೆ). ಬಿರುಕಿನ ತುದಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಂತಹ ಕಡೆ ಆಂಪ್ಲಿಟ್ಯೂಡನ್ನು ಸ್ಟ್ರೆಸ್ ಎಂದು ಓದಬಾರದು. ರಂಧ್ರದ ಅಂಚಿನುದ್ದಕ್ಕೂ ತೆಳು ಪ್ರಕಾಶದ ಗೆರೆ ಬಂದರೆ ಅದು ಪಟ್ಟಿ ಅಲುಗಿದ ಗುರುತು; ಮೋಷನ್ ಕಾಂಪೆನ್ಸೇಷನ್ (ಅಲುಗಾಟ ಸರಿಪಡಿಸುವ ಲೆಕ್ಕ) ಹಾಕಿ ಮತ್ತೆ ಲೆಕ್ಕ ಹಾಕುತ್ತೇನೆ.

ಅಂಕಿಗಳನ್ನು ಮೆಗಾಪ್ಯಾಸ್ಕಲ್‌ಗೆ ತರಲು ರಂಧ್ರದಿಂದ ದೂರ, ಸ್ಟ್ರೆಸ್ ಸಮವಾಗಿರುವ ಕಡೆ ರೊಸೆಟ್ ಸ್ಟ್ರೇನ್ ಗೇಜ್ (ಲೋಹದ ಹಿಗ್ಗುವಿಕೆಯನ್ನು ಹಲವು ದಿಕ್ಕುಗಳಲ್ಲಿ ಅಳೆಯುವ ಪಟ್ಟಿ) ಅಂಟಿಸುತ್ತೇನೆ, ಪಟ್ಟಿಯ ಹಿಂಬದಿಗೆ. ಕ್ಯಾಮೆರಾದಿಂದ ಸಿಗುವುದು ಎರಡು ಪ್ರಧಾನ ಸ್ಟ್ರೆಸ್‌ಗಳ (ಒಂದಕ್ಕೊಂದು ಲಂಬವಾದ ದಿಕ್ಕುಗಳಲ್ಲಿನ ಗರಿಷ್ಠ ಮತ್ತು ಕನಿಷ್ಠ ಸ್ಟ್ರೆಸ್) ಮೊತ್ತದ ಏರಿಳಿತವೇ ಹೊರತು ಬಿಡಿಬಿಡಿ ಬೆಲೆಗಳಲ್ಲ. ತಿರುಚುವ ಶಾಫ್ಟ್‌ನಲ್ಲಿ ಆ ಮೊತ್ತ ಸೊನ್ನೆಯಾಗುವುದರಿಂದ, ಎಷ್ಟೇ ಸ್ಟ್ರೆಸ್ ಇದ್ದರೂ ಚಿತ್ರ ಖಾಲಿ ಬರುತ್ತದೆ. ಅಲ್ಲಿ ಗೇಜ್ ಅನ್ನೇ ನಂಬಬೇಕು.